ಅವ್ವ-ಅಪ್ಪಂದಿರ ಟ್ಯೂಷನ್ ಮಾಸ್ತರ

ನಮ್ಮ ಪಡಸಾಲೆಯಲ್ಲಿ ಟ್ಯೂಷನ್ ನಡೆಯುತ್ತದೆ ಎಂದು ಕೇಳಿ ಬಂದವರು ಮಕ್ಕಳನ್ನು ಮುಂದೆ ದೂಡಿ ತಾವು ಚಪ್ಪಲಿ ಮೆಟ್ಟಿಕೊಂಡು ವಾಪಸು ಹೊರಡುತ್ತಿದ್ದರು. ‘ಮಕ್ಕಳಿಗಲ್ರೀ, ಟ್ಯೂಷನ್ ನಿಮಗ. ನೀವು ಕೂಡ್ರಿ’ ಎಂದು ನಾನು ಒಳಗಿನಿಂದ ರೊಟ್ಟಿ ಬಡಿಯುತ್ತಲೇ ಕೂಗಬೇಕಾಗುತ್ತಿತ್ತು. ಅವರು ಪೆಚ್ಚಾಗಿ ನಿಲ್ಲುತ್ತಿದ್ದರು. ಮೀಸೆ ಬಂದ ಗಂಡಸರು, ಎರಡು ಮಕ್ಕಳನ್ನು ಹೆತ್ತ ಹೆಂಗಸರು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಾಠ ಒಪ್ಪಿಸುವುದೆಂದರೆ ಯಾರಿಗಾದರೂ ನಾಚಿಕೆಯೇ. ಎರಡು ದಿನ ಕಳೆದ ಮೇಲೆ ಅದೇ ಮಂದಿ ನಮ್ಮ ಮನೆಯ ಹಂಚು ಹಾರಿಹೋಗುವ ಹಾಗೆ ಕೂಗುತ್ತಿದ್ದರು.

ಕಲಿಸುವವರು ದೌಲಪ್ಪ ಮಾಸ್ತರು. ಕಮಲಾಪುರದವರು. ಅಲ್ಲಿ ಒಂದು ಸಣ್ಣ ಖಾಸಗಿ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯಿಂದ ಏಳನೆಯದರವರೆಗೆ ಎಲ್ಲವನ್ನೂ ಕಲಿಸಿ ತಲೆ ಬೆಳ್ಳಗೆ ಮಾಡಿಕೊಂಡವರು. ಊರಿನ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಕಲಬುರಗಿಯ ಇಂಗ್ಲಿಷ್ ಶಾಲೆಗಳಿಗೆ ಹೋಗಲು ಶುರುವಾದ ಮೇಲೆ ಆ ಶಾಲೆಗೆ ಬೀಗ ಬಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅದೇ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ದಿನ, ‘ಇಷ್ಟು ವಯಸ್ಸಿನ್ಯಾಗ ಊರು ಯಾಕ ಬಿಟ್ರಿ ಮಾಸ್ತರ್ರೀ?’ ಎಂದು ಕೇಳಿದೆ. ‘ಹುಡುಗರು ಎಲ್ಲಿ ಹೋದ್ರೋ ಅಲ್ಲಿಗಿ ಬಂದೀನವಾ ನಾಗರತ್ನಾ’ ಎಂದರು. ಆಮೇಲೆ ಟ್ರಂಕು ಬಿಚ್ಚಿ, ಬೇರೇನೂ ತೆಗೆಯುವ ಮೊದಲು, ಹಳೆಯ ಕೈಗಂಟೆಯೊಂದನ್ನು ತೆಗೆದು ಕಿಟಕಿಯಲ್ಲಿ ಇಟ್ಟುಕೊಂಡರು.

ಬಂದು ನೋಡಿದರೆ ಇಲ್ಲಿನ ಮಕ್ಕಳಿಗೆ ಇವರು ಬೇಕಾಗಿರಲಿಲ್ಲ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಮಾಸ್ತರನ ಟ್ಯೂಷನ್ ಯಾರು ಹಚ್ಚುತ್ತಾರೆ? ಆದರೆ ಆ ಮಕ್ಕಳನ್ನು ಒಳಗೆ ಸೇರಿಸುವ ಮೊದಲು ಶಾಲೆಯವರು ಅವ್ವ ಅಪ್ಪನನ್ನು ಕೂರಿಸಿಕೊಂಡು ಮಾತನಾಡಿಸುತ್ತಾರಲ್ಲ, ಅದಕ್ಕೆ ಮಂದಿ ಹೆದರಿ ಸಾಯುತ್ತಿದ್ದರು. ಹಾಗೆ ಪರೀಕ್ಷೆ ಮಾಡಬಾರದು ಎಂದು ಕಾನೂನಿದೆಯಂತೆ. ಅದಕ್ಕೇ ಅದನ್ನು ಇಂಟರ್‌ವ್ಯೂ ಎನ್ನುವುದಿಲ್ಲ, ಇಂಟರ್ಯಾಕ್ಷನ್ ಎನ್ನುತ್ತಾರೆ. ಹೆಸರು ಬದಲಿಸಿದರೆ ಹೊಟ್ಟೆಯೊಳಗಿನ ನಡುಕ ಹೋಗುತ್ತದೆಯೇ? ಮಾಸ್ತರು ಆ ನಡುಕವನ್ನು ಕಂಡರು. ಪಡಸಾಲೆ ಕೇಳಿದರು. ನಾನೂ ಹೂಂ ಅಂದೆ.

ಅವರಿಗೆ ಇಂಗ್ಲಿಷ್ ಬಹಳವೇನೂ ಬರುತ್ತಿರಲಿಲ್ಲ. ಆದರೆ ಶಾಲೆಗೆ ಸಂಬಂಧಪಟ್ಟ ಮಾತು ಒಂದೊಂದನ್ನೂ ಬಿಡಿಸಿ ಹೇಳುವುದರಲ್ಲಿ ಅವರಿಗೆ ಹಿಡಿಸಲಾರದಷ್ಟು ಸುಖ. ‘ನಮ್ಮ ಮನ್ಯಾಗ ಸಾಲಿಗಿ ಹೆಸರು ಹಚ್ಚೋದು ಅಂತೀವಿ. ಪುಸ್ತಕದಾಗ ದಾಖಲಾತಿ ಅಂತ ಬರೀತಾರ. ಅಲ್ಲಿ ಅಡ್ಮಿಷನ್ ಅಂತಾರ. ಮೂರೂ ಒಂದೇ, ಹೆದರಬ್ಯಾಡ್ರಿ. ನಾವು ಸೂಟಿ ಅಂದ್ರ ಅವರು ಹಾಲಿಡೇ. ನಾವು ನಪಾಸು ಅಂದ್ರ ಅವರು ಫೇಲ್. ಶಿಸ್ತು ಅಂದ್ರ ಡಿಸಿಪ್ಲಿನ್. ಸಿಲಬಸ್ ಅನ್ನೋದಕ್ಕ ಪುಸ್ತಕದಾಗ ಪಠ್ಯಕ್ರಮ ಅಂತ ಅದ, ನಮ್ಮ ಮನ್ಯಾಗ ಅದಕ್ಕ ಮಾತೇ ಇಲ್ಲ, ಯಾಕಂದ್ರ ನಮ್ಮ ಮನ್ಯಾಗ ಯಾರೂ ಅದನ್ನ ಕೇಳಿಲ್ಲ.’ ಹೀಗೆ ಹೇಳಿ ಎಲ್ಲರನ್ನೂ ನೋಡಿ ನಗುತ್ತಿದ್ದರು.

ಇನ್ನೊಂದು ಮಾತನ್ನು ಅವರು ಹೇಳುವಾಗ ನಗುತ್ತಿರಲಿಲ್ಲ. ‘ಹುಡುಗರಿಗಿ ಸಾಲಿ ಬಿಟ್ಟ ಅಂತೀವಿ. ಹುಡಗ್ಯಾರಿಗಿ ಹಂಗ ಅನ್ನಂಗಿಲ್ಲ, ಸಾಲಿ ಬಿಡಿಸಿದ್ರು ಅಂತೀವಿ. ಹುಡಗಿ ತಾನಾಗಿ ಸಾಲಿ ಬಿಟ್ಟಿದ್ದು ನಾ ಅಂತೂ ನೋಡಿಲ್ಲ.’

ಅವರು ಕಲಿಸುತ್ತಿದ್ದ ರೀತಿ ಒಂದೇ. ಕಮಲಾಪುರದಲ್ಲಿ ಮಗ್ಗಿ ಕಲಿಸಿದ ರೀತಿ. ತಾವು ಒಂದು ಸಾಲು ಹೇಳುವುದು, ಕೂತವರೆಲ್ಲ ಒಕ್ಕೊರಲಿನಿಂದ ಅದನ್ನು ಹೇಳುವುದು. ಈ ಶಾಲೆಯೇ ಯಾಕೆ ಎಂಬ ಪ್ರಶ್ನೆಗೆ, ಎರಡೊಂದ್ಲೆ ಎರಡು ಎನ್ನುವ ರಾಗದಲ್ಲೇ ‘ಬಿಕಾಸ್ ಆಫ್ ಡಿಸಿಪ್ಲಿನ್, ಅಂಡ್ ಗುಡ್ ವ್ಯಾಲ್ಯೂಸ್, ಮೇಡಂ’ ಎಂದು ಖೂಬಾ ಪ್ಲಾಟಿನ ಅರ್ಧ ಮಂದಿ ಹಾಡಿದ್ದಾರೆ. ಬಾಯಿಪಾಠವಾಗದೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಮಾಸ್ತರ ಗಟ್ಟಿ ನಂಬಿಕೆ. ‘ಬಾಯಿ ಬಿಡ್ರಿ, ಬಾಯಿ ಬಿಡ್ರಿ’ ಎಂದು ಕೈಗಂಟೆ ಬಾರಿಸುತ್ತಿದ್ದರು. ನನಗಂತೂ ಒಲೆಯ ಮುಂದೆ ನಿಂತಲ್ಲೇ ಅಷ್ಟೂ ಬಾಯಿಪಾಠವಾಗಿತ್ತು. ನಮ್ಮ ಮನೆಯವರು ಒಂದು ದಿನ ‘ಪಲ್ಯಾಕ್ಕ ಉಪ್ಪು ಯಾಕ ಕಡಿಮಿ?’ ಎಂದು ಕೇಳಿದಾಗ ‘ಬಿಕಾಸ್ ಆಫ್ ಡಿಸಿಪ್ಲಿನ್’ ಎಂದುಬಿಟ್ಟಿದ್ದೆ.

ಗೌಸಿಯಾ ಬಂದದ್ದು ಎರಡು ವರ್ಷದ ಹಿಂದೆ, ಚಳಿಗಾಲ ಶುರುವಾಗುವಾಗ. ಬುರ್ಖಾದ ಮುಸುಕು ಎತ್ತಿ, ‘ಮಾಸ್ತರ್ರೀ, ಗುರುತು ಹತ್ತಿತೇನ್ರಿ?’ ಎಂದಳು. ಮಾಸ್ತರು ಕನ್ನಡಕ ಒರೆಸಿಕೊಂಡು ನೋಡಿದರು. ಅವರ ಮುಖದ ಮೇಲೆ ನಗೆ ಬಂತು, ಬಂದದ್ದು ಅಲ್ಲೇ ಕರಗಿತು. ಆಕೆ ಕಮಲಾಪುರದಲ್ಲಿ ಅವರ ಕೈಕೆಳಗೆ ಏಳನೆಯ ಇಯತ್ತೆಯವರೆಗೆ ಕಲಿತವಳು. ತರಗತಿಗೇ ಮೊದಲಿನವಳು. ಏಳು ಮುಗಿದೊಡನೆ ಅಪ್ಪ ಸಾಲಿ ಬಿಡಿಸಿದ. ಮಾಸ್ತರು ಅವರ ಮನೆಗೆ ಹೋಗಿ ಕೇಳಿಕೊಂಡಿದ್ದರು. ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿದ್ದರಂತೆ. ಮತ್ತೆ ಹೋದಾಗಲೂ ಚಹಾನೇ ಕೊಟ್ಟಿದ್ದರಂತೆ.

ಈಗ ಗೌಸಿಯಾಳ ಗಂಡ ಖಾಜಾ ಕಾಳಿನ ಪೇಟೆ ನೆಹರು ಗಂಜ್‌ನಲ್ಲಿ, ಒಂದು ಅಡತಿ ದಲಾಲಿ ಅಂಗಡಿಯಲ್ಲಿ ತೊಗರಿ ತೂಗುತ್ತಾನೆ. ಒಬ್ಬಳೇ ಮಗಳು, ಉಮ್ಮೆ ಹಾನಿ, ಐದು ತುಂಬುತ್ತಿತ್ತು. ಊರಾಚೆಯ ದೊಡ್ಡ ಇಂಗ್ಲಿಷ್ ಶಾಲೆಗೆ ಆಕೆಯ ಹೆಸರು ಹಚ್ಚಬೇಕು. ಇಂಟರ್ಯಾಕ್ಷನ್‌ಗೆ ಕರೆ ಬಂದಿತ್ತು. ‘ಇಕಿಗಿ ಅಲ್ಲಿ ಒಮ್ಮೆ ಹೆಸರು ಹತ್ತಿತಂದ್ರ ಹತ್ತನೇತ್ತದ ತನಕ ಯಾರೂ ಬಿಡಸಂಗಿಲ್ಲ ಅಂತ ಇವರು ಆಣಿ ಮಾಡ್ಯಾರ್ರಿ ಮಾಸ್ತರ್ರೀ’ ಎಂದಳು ಗೌಸಿಯಾ. ಖಾಜಾ ಬಾಗಿಲಲ್ಲಿ ನಿಂತು ಹೌದೆಂದು ತಲೆಯಾಡಿಸಿದ. ಮಾಸ್ತರು ಗೌಸಿಯಾಳನ್ನು ಬಿಟ್ಟು ಆ ಮಗುವನ್ನು ನೋಡುತ್ತಿದ್ದರು.

ಅವತ್ತಿನಿಂದ ಅವರಿಗೆ ಬೇರೆ ಯೋಚನೆಯೇ ಇಲ್ಲ. ಸಂಜೆಯ ಪಾಠ ಎಲ್ಲರ ಜೊತೆ, ಮಧ್ಯಾಹ್ನದ ಪಾಠ ಗೌಸಿಯಾಳಿಗೆ ಬೇರೆಯಾಗಿ. ಖಾಜಾನಿಗೆ ಗಂಜ್‌ನಿಂದ ಬರಲು ಆದ ದಿನ ಅವನಿಗೂ. ಮಾಸ್ತರು ಸುಳ್ಳು ಹೇಳಿಸುತ್ತಿರಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಹತ್ತನೆಯದು ಆಗಿದೆ ಎನ್ನಲೇ ಎಂದು ಗೌಸಿಯಾ ಕೇಳಿದ್ದಕ್ಕೆ ಸಿಟ್ಟಾದರು. ‘ಏಳನೇತ್ತ ಕಲ್ತೀನಿ, ದಿನಾ ಸಂಜಿಕಿ ಕೂಸಿನ ಜೋಡಿ ಕೂಡ್ತೀನಿ ಅನ್ನು. ಅದರಾಗ ನಾಚೋದೇನದ?’ ಎಂದು ಅದನ್ನೇ ಇಂಗ್ಲಿಷಿನಲ್ಲಿ ಮಾಡಿಸಿಕೊಟ್ಟರು. ಖಾಜಾ ‘ನಾ ಬಿಸ್‌ನೆಸ್ ಮಾಡ್ತೀನಿ ಅನ್ನಲೇನ್ರಿ?’ ಎಂದದ್ದಕ್ಕೂ ಒಪ್ಪಲಿಲ್ಲ. ‘ಐ ವೇ ಗ್ರೇನ್ಸ್ ಇನ್ ದಿ ಮಾರ್ಕೆಟ್, ಮೇಡಂ’, ಅಂದರೆ ಪೇಟೆಯಲ್ಲಿ ಕಾಳು ತೂಗುತ್ತೇನೆ ಎಂಬ ಸಾಲು ಅವನ ಪಾಲಿಗೆ ಬಂತು. ಪಾಪ, ಕ್ವಿಂಟಲ್ ಚೀಲ ಅಲುಗಿಸುವ ಮನುಷ್ಯ ಆ ಸಾಲನ್ನು ಎತ್ತಲಾರದೆ ಬೆವರುತ್ತಿದ್ದ.

ಆಮೇಲೆ ಮಾಸ್ತರೇ ಮೇಡಂ ಆಗುತ್ತಿದ್ದರು. ನನ್ನ ಹಳೆಯ ಶಾಲನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು, ಒಂದು ಚಿತ್ರ ಹಿಡಿದು ಮಗುವಿಗೆ ‘ವಾಟ್ ಈಸ್ ದಿಸ್?’ ಎನ್ನುವುದು. ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿದ್ದರೆ ಅವ್ವ ಗಾಬರಿಯಾಗಬಾರದು. ಆಗ ಹೇಳಬೇಕಾದ ಸಾಲು ಇದು: ‘ಶಿ ಈಸ್ ಎ ಲಿಟ್ಲ್ ಶೈ, ಮೇಡಂ. ಅಟ್ ಹೋಮ್ ಶಿ ಟಾಕ್ಸ್ ವೆರಿ ನೈಸ್‌ಲಿ.’ ಸ್ವಲ್ಪ ನಾಚುತ್ತಾಳೆ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಗೌಸಿಯಾ ಈ ಸಾಲನ್ನು ಅದೆಷ್ಟು ಸಲ ಹೇಳಿದಳೋ, ನಮ್ಮ ಗೋಡೆಗಳಿಗೆ ಗೊತ್ತು.

ಆ ಮಗು ನಾಚುವುದೆಂದರೆ ನಗು ಬರುತ್ತಿತ್ತು. ನಮ್ಮ ಅಡುಗೆಮನೆಗೆ ನುಗ್ಗಿ, ಡಬ್ಬಿ ಡಬ್ಬಿ ತೆಗೆದು, ಅರ್ಧ ದಖನಿ ಉರ್ದು, ಅರ್ಧ ಕನ್ನಡದಲ್ಲಿ ತಲೆ ಚಿಟ್ಟುಹಿಡಿಸುತ್ತಿದ್ದಳು. ‘ಇದರಾಗ ಕ್ಯಾ ಅದ? ಇದು ಖಾರಾ ಏನು? ಮೈ ತಿನ್ನಲೇನು?’ ಬೈದರೆ ನನ್ನ ಸೊಂಟ ಹಿಡಿದು ಇನ್ನೂ ಎರಡು ಪ್ರಶ್ನೆ ಕೇಳುತ್ತಿದ್ದಳು. ಪಾಠದ ಹೊತ್ತಿಗೆ ಮಾತ್ರ ಅವ್ವನ ತೊಡೆಯ ಮೇಲೆ ಕೂತು, ಎಲ್ಲರ ಜೊತೆ, ಎಲ್ಲರಿಗಿಂತ ಜೋರಾಗಿ ಬಾಯಿ ಬಿಡುತ್ತಿದ್ದಳು. ಅವ್ವನ ಸಾಲು, ಅಪ್ಪನ ಸಾಲು, ಪಕ್ಕದ ಓಣಿಯವರ ಸಾಲು, ಒಂದನ್ನೂ ಬಿಡಲಿಲ್ಲ.

‘ಮಾಸ್ತರ್ರೀ, ಈ ಪೋರಿ ದೊಡ್ಡವರ ಉತ್ತರ ಎಲ್ಲಾ ಕಲ್ತಾಳಲ್ರೀ’ ಎಂದು ನಾನು ಹೇಳಿದೆ.

‘ಕಲೀಲಿ ಬಿಡವಾ’ ಎಂದರು ಮಾಸ್ತರು. ಆವತ್ತು ಅವರ ಮುಖ ನೋಡಬೇಕಿತ್ತು. ‘ಇವರವ್ವನೂ ಹಿಂಗೇ ಇದ್ಳು. ಒಮ್ಮೆ ಕೇಳಿದ್ರ ಮುಗೀತು.’

ಇಂಟರ್ಯಾಕ್ಷನ್ ದಿನ ಬೆಳಗ್ಗೆ ಮೂವರೂ ನಮ್ಮ ಮನೆಗೆ ಬಂದು ಮಾಸ್ತರ ಕಾಲು ಮುಟ್ಟಿ ಹೋದರು. ಖಾಜಾ ಇಸ್ತ್ರಿ ಅಂಗಿ ಹಾಕಿದ್ದ. ಮಗುವಿಗೆ ಎರಡು ಜಡೆ, ಕೆಂಪು ರಿಬ್ಬನ್ನು. ಮಾಸ್ತರು ಅಂದು ಊಟ ಮಾಡಲಿಲ್ಲ. ಕಮಲಾಪುರದಿಂದ ಅವರ ತಂಗಿ ಕಸ್ತೂರಿಬಾಯಿ ಕೆಂಪು ಬಾಳೆಹಣ್ಣಿನ ಚಿಪ್ಪು ಕಳಿಸಿದ್ದಳು. ಅದನ್ನು ತಾಟಿನಲ್ಲಿಟ್ಟು ಪಡಸಾಲೆಯ ನಡುವೆ ಇಟ್ಟುಕೊಂಡು ಕಾಯುತ್ತ ಕೂತರು.

ಮಧ್ಯಾಹ್ನ ಆಟೋ ನಿಂತ ಸದ್ದಾಯಿತು. ಮೊದಲು ಓಡಿ ಬಂದವಳು ಉಮ್ಮೆ ಹಾನಿ. ಹಿಂದೆ ಖಾಜಾ ಬಂದು ಗೋಡೆಗೆ ಆತು ಕೂತ. ಗೌಸಿಯಾ ಕೂರಲಿಲ್ಲ.

‘ಏನಾತೋ ಖಾಜಾ?’ ಎಂದು ನಾನೇ ಕೇಳಿದೆ. ಮಾಸ್ತರಿಗೆ ಕೇಳುವ ಧೈರ್ಯವಿರಲಿಲ್ಲ.

‘ಮೇಡಂ ಭಾಳ ಚೊಲೋ ಇದ್ರು ಅಕ್ಕಾ, ನಗನಗತಾನೇ ಮಾತಾಡಿದ್ರು’ ಎಂದು ಖಾಜಾ ಶುರುಮಾಡಿದ. ‘ನಮ್ಮ ಸಾಲಿನೇ ಯಾಕ ಬೇಕು ಅಂತ ಇಕಿಗಿ ಕೇಳಿದ್ರು. ಇಕಿ ಒಂದು ಘಳಿಗಿ ತಡದ್ಳು, ಅಷ್ಟೇ. ಅಷ್ಟರಾಗ ಕೂಸು ಎದ್ದು ನಿಂತು ಮಗ್ಗಿ ಹೇಳ್ದಂಗ ಬಿಕಾಸ್ ಆಫ್ ಡಿಸಿಪ್ಲಿನ್ ಅಂತ ಪೂರಾ ಹೇಳಿಬಿಡ್ತು. ಮೇಡಂ ನಕ್ರು. ನಾವೂ ನಕ್ಕಿವಿ. ಆಮ್ಯಾಲೆ ನನಗ, ಏನು ಕೆಲಸ ಮಾಡ್ತೀರಿ ಅಂದ್ರು. ನಾ ಬಾಯಿ ತೆಗೆಯೋದ್ರಾಗ ಅದೂ ಕೂಸೇ ಹೇಳ್ತು. ಐ ವೇ ಗ್ರೇನ್ಸ್ ಅಂತ.’

ಅವನು ತಾಟಿನ ಹಣ್ಣನ್ನು ನೋಡಿದ.

‘ಆಮ್ಯಾಲೆ ಕೂಸಿನ ಮುಂದ ಒಂದು ಚಿತ್ರ ಇಟ್ರು. ಬಾಳಿಹಣ್ಣಿಂದು. ವಾಟ್ ಈಸ್ ದಿಸ್ ಅಂದ್ರು. ಕಮಲಾಪುರದಾಕಿ ಹೊಟ್ಟ್ಯಾಗ ಹುಟ್ಟಿದ ಕೂಸಿಗಿ ಬಾಳಿಹಣ್ಣು ಗೊತ್ತಿಲ್ಲೇನ್ರಿ? ಆದ್ರ ಇಲ್ಲಿ ಮಾಸ್ತರ್ರು ವಾಟ್ ಈಸ್ ದಿಸ್ ಅಂದ ಕೂಡ್ಲೇ ಏನು ಹೇಳ್ತಿದ್ದಿವಿ, ಅದನ್ನೇ ಹೇಳ್ತು. ಶಿ ಈಸ್ ಎ ಲಿಟ್ಲ್ ಶೈ, ಮೇಡಂ.’

ಮಾಸ್ತರು ಹಣ್ಣಿನ ತಾಟನ್ನು ಪಕ್ಕಕ್ಕೆ ಸರಿಸಿದರು.

‘ಮೇಡಂ ನಗೋದು ಬಿಟ್ರು. ನೀವೂ ಖೂಬಾ ಪ್ಲಾಟಿನವರ ಹತ್ರ ಕಲಿತು ಬಂದಿದ್ದೀರಾ, ಬೆಳಿಗ್ಗೆಯಿಂದ ಇದೇ ಮಾತು, ಇದೇ ರಾಗ ಕೇಳ್ತಿದ್ದೀನಿ ಅಂದ್ರು. ಇದರಲ್ಲಿ ನಿಮ್ಮ ಮಾತು ಯಾವುದು ಅಂತ ನನಗೆ ಹೇಗೆ ತಿಳೀಬೇಕು ಅಂದ್ರು. ಸೀಟು ಇದ್ರ ಮೆಸೇಜ್ ಬರ್ತದ ಅಂತ ಕಳಿಸಿದ್ರು.’

ದೊಡ್ಡವರೆಲ್ಲ ನೆಲ ನೋಡುತ್ತಿದ್ದಾಗ ಉಮ್ಮೆ ಹಾನಿ ಜಮಖಾನೆಯ ನಡುವೆ ಹೋಗಿ ನಿಂತಳು. ತಾನು ಎಲ್ಲವನ್ನೂ ತಪ್ಪಿಲ್ಲದೆ ಹೇಳಿ ಬಂದಿದ್ದೇನೆ, ಮೇಡಂ ನಕ್ಕರು, ಮಾಸ್ತರು ಶಾಬಾಸ್ ಅನ್ನಬೇಕು ಎಂದು ಆ ಮಗುವಿನ ಎಣಿಕೆ. ಕೈಕಟ್ಟಿಕೊಂಡು, ಎದೆಯುಬ್ಬಿಸಿ, ಮಾಸ್ತರನ್ನೇ ನೋಡುತ್ತ ಮೊದಲಿನಿಂದ ಶುರುಮಾಡಿದಳು. ‘ಬಿಕಾಸ್ ಆಫ್ ಡಿಸಿಪ್ಲಿನ್…’

ಗೌಸಿಯಾ ಒಂದೇ ಹೆಜ್ಜೆಗೆ ಬಂದು ಮಗಳ ಬಾಯಿ ಮುಚ್ಚಿದಳು. ಹೊಡೆಯಲಿಲ್ಲ. ಅಂಗೈಯಿಂದ ಬಿಗಿಯಾಗಿ ಮುಚ್ಚಿ, ‘ಚುಪ್. ಏಕ್‌ದಂ ಚುಪ್’ ಎಂದಳು. ಕೈ ತೆಗೆಯಲಿಲ್ಲ. ಅಂಗೈಯ ಮೇಲೆ ಆ ಮಗುವಿನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ಅವ್ವನನ್ನು ನೋಡಿದವು, ಮಾಸ್ತರನ್ನು ನೋಡಿದವು, ನನ್ನನ್ನೂ ನೋಡಿದವು. ಏನು ತಪ್ಪು ಮಾಡಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ನಾನು ಒಳಗೆ ಹೋದೆ.

ಮೆಸೇಜ್ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಖಾಜಾ ತೂಕದ ಕಾಟಾ ಬಿಟ್ಟು ಫೋನು ನೋಡುತ್ತಿದ್ದನಂತೆ, ನಮ್ಮ ಮನೆಯವರೇ ಗಂಜ್‌ನಲ್ಲಿ ಕಂಡು ಬಂದು ಹೇಳಿದರು. ಮಾಸ್ತರು ಬಿಳಿ ಧೋತರ ಉಟ್ಟು ಆ ಶಾಲೆಗೆ ಹೋದರು. ತಪ್ಪು ಕೂಸಿನದಲ್ಲ, ನನ್ನ ಕಲಿಸುವ ರೀತಿಯದು ಎಂದು ಮೇಡಂಗೆ ಹೇಳಬೇಕೆಂದಿದ್ದರು. ಸೂಟಿಯ ಗಂಟೆ ಬಾರಿಸುವವರೆಗೆ ಗೇಟಿನ ಬಳಿ ನಿಂತಿದ್ದು, ಹೋದ ಹಾಗೇ ತಿರುಗಿ ಬಂದರು. ಕಾವಲಿನವನು ಕುರ್ಚಿ ಕೊಟ್ಟಿದ್ದನಂತೆ, ಒಳಗೆ ಮಾತ್ರ ಬಿಡಲಿಲ್ಲವಂತೆ.

ಅದೇ ವಾರ ಮಾಸ್ತರ ಹತ್ತಿರ ಕಲಿತ ಒಂದು ಜೋಡಿಗೆ ಬೇರೆ ಶಾಲೆಯಲ್ಲಿ ಸೀಟು ಸಿಕ್ಕಿ ಪೇಡೆ ತಂದರು. ಮಾಸ್ತರು ಡಬ್ಬಿ ಮುಟ್ಟಲಿಲ್ಲ. ಹೊಸಬರು ಬಂದರೆ ‘ನನಗ ಕಲಿಸಾಕ ಬರಂಗಿಲ್ಲ, ಬ್ಯಾರೆ ಕಡಿ ನೋಡ್ರಿ’ ಎಂದು ಕಳಿಸತೊಡಗಿದರು. ನಾನು ಬೈದೆ, ರಮಿಸಿದೆ, ಮತ್ತೆ ಬೈದೆ. ಕೇಳಲಿಲ್ಲ. ಯುಗಾದಿ ಮುಗಿದ ಮೇಲೆ ಟ್ರಂಕು ಕಟ್ಟಿ ಕಮಲಾಪುರದ ತಂಗಿಯ ಮನೆಗೆ ಹೊರಟರು. ಕೈಗಂಟೆಯನ್ನು ಕಿಟಕಿಯಲ್ಲೇ ಬಿಟ್ಟಿದ್ದರು. ಮರೆತಿರಬೇಕು ಎಂದು ಓಡಿಹೋಗಿ ಬಸ್ಸಿನ ಕಿಟಕಿಯಲ್ಲಿ ಕೊಟ್ಟರೆ, ‘ಇರಲಿ ಬಿಡವಾ, ನಿನ್ನ ಹತ್ರಾನೇ ಇರಲಿ’ ಎಂದರು. ಗಂಟೆ ಹಿಡಿದುಕೊಂಡೇ ಮನೆಗೆ ಬಂದೆ.

ಗೌಸಿಯಾ ಅದಕ್ಕೂ ಮೊದಲೇ ಮಗಳನ್ನು ಕರೆದುಕೊಂಡು ಕಮಲಾಪುರದ ತವರಿಗೆ ಹೋಗಿದ್ದಳು. ಓಣಿಯ ಹೆಂಗಸರ ಮುಂದೆ ದಿನವೂ ‘ಏನಾತು, ಹೆಸರು ಹತ್ತಿತೇನು?’ ಎಂಬ ಮಾತಿಗೆ ಉತ್ತರ ಕೊಟ್ಟು ಸಾಕಾಗಿತ್ತು ಅವಳಿಗೆ. ಅಲ್ಲಿನ ಸರಕಾರಿ ಶಾಲೆಗೆ ಮಗಳ ಹೆಸರು ಹಚ್ಚಿದಳು. ಖಾಜಾ ಗಂಜ್‌ನಲ್ಲೇ ಉಳಿದು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ.

ಕಳೆದ ದೀಪಾವಳಿಯ ನಂತರ ಮಾಸ್ತರಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಕಸ್ತೂರಿಬಾಯಿ ಫೋನು ಮಾಡಿದಳು. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿ ಹೋದೆ. ಮಾಸ್ತರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ಅರ್ಧ ಆಗಿದ್ದರು. ಎದುರಿಗೆ ಉಮ್ಮೆ ಹಾನಿ, ಮೊಳಕಾಲ ಮೇಲೆ ಪಾಟಿ ಇಟ್ಟುಕೊಂಡು. ಪಕ್ಕದಲ್ಲಿ ಗೌಸಿಯಾ. ದಿನವೂ ಸಾಲಿ ಬಿಟ್ಟ ಮೇಲೆ ಅಲ್ಲಿಗೆ ಬರುತ್ತಾರಂತೆ.

‘ಅಂತೂ ಟ್ಯೂಷನ್ ಬಿಡಲಿಲ್ಲ ನೀವು’ ಎಂದೆ ನಗಿಸಬೇಕೆಂದು.

‘ಟ್ಯೂಷನ್ ಅಲ್ಲವಾ ಇದು’ ಎಂದರು ಮಾಸ್ತರು. ‘ನಾ ಏನೂ ಹೇಳಿಕೊಡಂಗಿಲ್ಲ. ಬರೇ ಕೇಳ್ತೀನಿ. ಪಾಟಿ ಮ್ಯಾಲೆ ಎಲ್ಲಾ ಸರಿ ಬರೀತದ. ಸಾಲ್ಯಾಗಿನ ಟೀಚರ್ ಬಾಯಾರೂ ಅದನ್ನೇ ಹೇಳ್ತಾರ, ಬರಿಯೋದ್ರಾಗ ಮುಂದ, ಬಾಯಿ ಒಂದು ಬಿಡಂಗಿಲ್ಲ ಅಂತ.’

ನನ್ನ ಡಬ್ಬಿಗಳನ್ನು ದಿಕ್ಕಾಪಾಲು ಮಾಡಿದ ಪೋರಿ ಇವಳೇನು? ನನಗೆ ನಂಬಿಕೆಯಾಗಲಿಲ್ಲ. ಕಸ್ತೂರಿಬಾಯಿ ಕೆಂಪು ಬಾಳೆಹಣ್ಣು ತಂದು ನನ್ನ ಮುಂದೆ ಇಟ್ಟಳು. ನಾನು ಒಂದು ಹಣ್ಣು ಕಿತ್ತು ಮಗುವಿನ ಮುಂದೆ ಹಿಡಿದೆ. ‘ಏನವಾ ಇದು? ಹೇಳು ನೋಡೋಣ. ಹೇಳಿದ್ರ ನಿನಗೇ.’

ಉಮ್ಮೆ ಹಾನಿ ಹಣ್ಣು ನೋಡಿದಳು. ಅವ್ವನ ಮುಖ ನೋಡಿದಳು. ಆಮೇಲೆ ತನ್ನ ಅಂಗೈಯನ್ನು ತಾನೇ ಎತ್ತಿ ತನ್ನ ಬಾಯಿಯ ಮೇಲೆ ಬಿಗಿಯಾಗಿ ಇಟ್ಟುಕೊಂಡಳು.

‘ಸ್ವಲ್ಪ ನಾಚತಾಳಕ್ಕಾ’ ಎಂದಳು ಗೌಸಿಯಾ ಅವಸರದಿಂದ. ‘ಮನ್ಯಾಗ ಚೆಂದ ಮಾತಾ…’ ಅಷ್ಟಕ್ಕೇ ತಡೆದಳು. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳ ಕಿವಿಗೆ ಬಿದ್ದಿರಬೇಕು. ‘ಮನ್ಯಾಗೂ ಇಲ್ಲಕ್ಕಾ’ ಎಂದು ಸೆರಗಿನಲ್ಲಿ ಮುಖ ಮುಚ್ಚಿದಳು. ಮಾಸ್ತರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ನಾನು ಹಣ್ಣು ಸುಲಿದು ಆ ಮಗುವಿನ ಕೈಯಲ್ಲಿಟ್ಟೆ. ತಿನ್ನಲಿಕ್ಕೆ ಬಾಯಿ ಬಿಡಲೇಬೇಕಲ್ಲ, ಬಿಟ್ಟಳು. ಸಾವಕಾಶವಾಗಿ ಪೂರ್ತಿ ತಿಂದಳು. ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು, ಲಂಗಕ್ಕೆ ಕೈ ಒರೆಸಿಕೊಂಡು, ಮತ್ತೆ ಬಾಯಿ ಮುಚ್ಚಿಕೊಂಡಳು.